ದುಡಿಮೆಯ ನಡುವೆ ಅಂಗಸಾಧನೆ

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾಡುನುಡಿಯನ್ನು ಕುರಿತು ಅಧಿಕಾರವಾಣಿಯಿಂದ ಮಾತನಾಡಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆ ಅನೇಕರಿದ್ದಾರೆ. ಅವರ ನಡುವೆ ನನ್ನಂಥ ಲೆಕ್ಕಪತ್ರದವನನ್ನು ನಿಲ್ಲಿಸಿ, "ಅಂಗಸಾಧನೆಯ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ನಗು ಬಂದಿತು. ನಾನು ಪೈಲ್ವಾನನಲ್ಲ, ವೈದ್ಯನೂ ಅಲ್ಲ. ನನ್ನ ತೋಳನ್ನು ಕಂಡು ಹೆದರಿದವರು ಈವರೆಗೆ ಯಾರೂ ಇಲ್ಲ. ಆದರೆ ಅಂಗಸಾಧನೆಯನ್ನು ಉತ್ಸಾಹದಿಂದ ಹಿಡಿದು ಬೇಗನೆ ಬಿಟ್ಟುಬಿಡುವ ವಿದ್ಯೆಯಲ್ಲಿ ನನಗಿರುವಷ್ಟು ಅನುಭವ ಈ ಸಭೆಯಲ್ಲಿ ಮತ್ತಾರಿಗೂ ಇರಲಾರದು. ನಾಲ್ಕು ಸಲ ಹಿಡಿದೆ, ನಾಲ್ಕು ಸಲವೂ ಬಿಟ್ಟೆ. 2016ರಲ್ಲಿ ಐದನೆಯ ಸಲ ಹಿಡಿದದ್ದನ್ನು ಮಾತ್ರ ಇಂದಿನವರೆಗೂ ಬಿಟ್ಟಿಲ್ಲ. ಆ ನಾಲ್ಕಕ್ಕೂ ಈ ಐದನೆಯದಕ್ಕೂ ಏನು ವ್ಯತ್ಯಾಸ ಎಂಬುದಷ್ಟೇ ಇಂದಿನ ನನ್ನ ವಿಷಯ.

ನಮ್ಮದು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಅಲ್ಲಿಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿದ್ದೀರಿ. ನನ್ನ ಅಪ್ಪ ಪಂದ್ಯಕ್ಕೆ ಇಳಿದವನಲ್ಲ. ಆದರೆ ಕ್ವಿಂಟಲ್ ತೂಕದ ಜೋಳದ ಚೀಲವನ್ನು ಬೆನ್ನಿಗೆ ಕೊಟ್ಟರೆ ಬಂಡಿಯಿಂದ ಹಗೇವಿನವರೆಗೆ ಹೊತ್ತುಕೊಂಡು ಹೋಗುತ್ತಿದ್ದ. ಅಂಥವನ ಮಗನಾದ ನಾನು 1989ರಲ್ಲಿ ಒಂದು ಟ್ರಂಕು ಹಿಡಿದು ಮುಂಬಯಿಗೆ ಬಂದೆ. ಡೊಂಬಿವಲಿಯಲ್ಲಿ ಮನೆ, ಫೋರ್ಟ್ ಭಾಗದಲ್ಲಿ ಕಚೇರಿ. ಬೆಳಿಗ್ಗೆ ಲೋಕಲ್ ಗಾಡಿಯಲ್ಲಿ ನಿಂತು ಹೋಗುವುದು, ಹಗಲೆಲ್ಲ ಕುರ್ಚಿಯಲ್ಲಿ ಕುಳಿತಿರುವುದು, ರಾತ್ರಿ ಮತ್ತೆ ನಿಂತು ಬರುವುದು. ಮಾರ್ಚ್ ತಿಂಗಳು ಬಂದಿತೆಂದರೆ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಮನೆಯವರ ಮುಖವನ್ನೂ ಸರಿಯಾಗಿ ನೋಡುವಂತಿರಲಿಲ್ಲ. ಇದು ನನ್ನೊಬ್ಬನ ಕತೆಯಲ್ಲ. ಹೋಟೆಲಿನ ಗಲ್ಲಾದ ಮೇಲೆ ಕುಳಿತವರದೂ, ಬ್ಯಾಂಕಿನವರದೂ, ಇಂದು ಗಣಕಯಂತ್ರದ ಮುಂದೆ ಅಮೆರಿಕದ ಹಗಲಿಗೆ ತಮ್ಮ ರಾತ್ರಿಯನ್ನು ಒಪ್ಪಿಸಿರುವ ನಮ್ಮ ಮಕ್ಕಳದೂ ಇದೇ ಕತೆ.

2016ರ ಮಾರ್ಚ್ ತಿಂಗಳ ಒಂದು ರಾತ್ರಿ. ನಾನು ಮನೆಗೆ ಬಂದು ಊಟಕ್ಕೆ ಕೂರುವಷ್ಟರಲ್ಲಿ ಬಚ್ಚಲಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅವ್ವ ಬಿದ್ದಿದ್ದಾಳೆ. ಆಗ ಅವಳಿಗೆ ಎಪ್ಪತ್ತೊಂದು ವರ್ಷ. ತೂಕ ನಲವತ್ತೆಂಟು ಕಿಲೋ. ಅಪ್ಪ ಹೊರುತ್ತಿದ್ದ ಚೀಲದ ಅರ್ಧವೂ ಅಲ್ಲ. ಬಗ್ಗಿ ಅವಳ ಕಂಕುಳಿಗೆ ಕೈಕೊಟ್ಟು ಎತ್ತಲು ಹೋದೆ; ಆಗಲಿಲ್ಲ. ಮತ್ತೊಮ್ಮೆ ಹೋದೆ, ಸೊಂಟ ಹಿಡಿದುಕೊಂಡಿತು. ಕೊನೆಗೆ ಮೇಲಿನ ಮನೆಯ ಹುಡುಗರಿಬ್ಬರನ್ನು ಕರೆಯಬೇಕಾಯಿತು. ಅವರು ಬರುವವರೆಗೆ ಒದ್ದೆಯ ನೆಲದ ಮೇಲೆ ಮಲಗಿದ್ದ ಅವ್ವ, "ನೀ ಎತ್ತಬ್ಯಾಡೊ, ನಿನಗೇ ಏನರೆ ಆದೀತು" ಎಂದು ನನಗೇ ಸಮಾಧಾನ ಹೇಳುತ್ತಿದ್ದಳು. ದೈವವಶಾತ್ ಮೂಳೆ ಮುರಿದಿರಲಿಲ್ಲ. ಆದರೆ ಆ ಮಾತು ನನ್ನೊಳಗೆ ಎಲ್ಲಿಯೋ ತಾಕಿತು. ಇಪ್ಪತ್ತೇಳು ವರ್ಷ ನಾನು ಎತ್ತಿದ್ದು ಕಡತಗಳನ್ನು ಮಾತ್ರ.

ಮಹನೀಯರೆ, ಬಲವೆಂದರೆ ಕನ್ನಡಿಯ ಮುಂದೆ ತೋಳು ಉಬ್ಬಿಸುವ ಶೋಕಿಯೆಂದು ನಾವು ತಿಳಿದಿದ್ದೇವೆ. ಹಾಗಲ್ಲ. ಕುರ್ಚಿಯಿಂದ ಕೈಯೂರದೆ ಏಳುವುದು ಬಲ; ನೀರಿನ ಕೊಡವನ್ನು ನಡು ಹಿಡಿಯದಂತೆ ಎತ್ತುವುದು ಬಲ; ಜಾರಿದಾಗ ಬೀಳದೆ ಸಾವರಿಸಿಕೊಳ್ಳುವುದು ಬಲ. ಮೂವತ್ತು ದಾಟಿದ ಮೇಲೆ ದುಡಿಸದ ದೇಹವು ಪ್ರತಿ ಹತ್ತು ವರ್ಷಕ್ಕೆ ಮಾಂಸಖಂಡದ 3ರಿಂದ 8 ಪ್ರತಿಶತದಷ್ಟನ್ನು ಕಳೆದುಕೊಳ್ಳುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅರವತ್ತರ ಅನಂತರ ಈ ನಷ್ಟ ಇನ್ನೂ ಬೇಗ. ಲೆಕ್ಕದವರ ಭಾಷೆಯಲ್ಲಿ ಹೇಳುವುದಾದರೆ, ಇದು ಯಾರೂ ಬರೆಯದ ಖರ್ಚು. ಜಮೆಯಿಲ್ಲದೆ ವರ್ಷ ವರ್ಷವೂ ನಡೆಯುತ್ತಿರುವ ಖರ್ಚು.

ಕುಳಿತು ಮಾಡುವ ಕೆಲಸದ ಕೇಡು ಹೊಸ ಸಂಗತಿಯೇನಲ್ಲ. ಜೆರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಲಂಡನ್ನಿನ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿದ ಫಲವನ್ನು ಪ್ರಕಟಿಸಿದರು. ಎರಡಂತಸ್ತಿನ ಅದೇ ಬಸ್ಸಿನಲ್ಲಿ ದಿನವೆಲ್ಲ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರನಿಗಿಂತ, ಕುಳಿತೇ ಇರುವ ಚಾಲಕನಿಗೆ ಹೃದ್ರೋಗ ಹೆಚ್ಚಾಗಿದ್ದಿತು. "ನಾವಂತೂ ಲೋಕಲ್ ಹಿಡಿಯಲು ದಿನಾ ಓಡುತ್ತೇವಲ್ಲ!" ಎಂದು ನೀವು ಹೇಳಬಹುದು. ಓಟ ನಡಿಗೆಗಳು ಹೃದಯಕ್ಕೆ ಹಿತ, ಅವನ್ನು ಬಿಡಬಾರದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ನಡಿಗೆಯಂಥ ಚಟುವಟಿಕೆಯನ್ನು ಹೇಳಿ, ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಬರುವ ವ್ಯಾಯಾಮ ಮಾಡಬೇಕೆಂದು ಬೇರೆಯಾಗಿಯೇ ಹೇಳಿದೆ. ಎರಡು ದಿನ ಎಂಬುದನ್ನು ಗಮನಿಸಿ. ಏಳು ದಿನವಲ್ಲ.

ಇನ್ನು "ನಮಗೆ ವಯಸ್ಸಾಯಿತು" ಎಂಬ ಮಾತು. 1990ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ವೃದ್ಧಾಶ್ರಮವಾಸಿಗಳಾದ, ಸರಾಸರಿ ತೊಂಬತ್ತು ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಅಭ್ಯಾಸವನ್ನು ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ 174 ಪ್ರತಿಶತ ಹೆಚ್ಚಿತು. ತೊಂಬತ್ತಕ್ಕೆ ಸಾಧ್ಯವಾದದ್ದು ನಲವತ್ತೈದಕ್ಕೆ ಅಸಾಧ್ಯವೆಂದು ಹೇಳಲು ನಾಚಿಕೆಯಾಗಬೇಡವೆ?

ಇದರ ಮರ್ಮವನ್ನು ನಮ್ಮ ಗರಡಿಮನೆಯ ವಸ್ತಾದರು ಬಲ್ಲವರಾಗಿದ್ದರು. ಇಂದು ಹತ್ತು ಬಸ್ಕಿ, ಬರುವ ವಾರ ಹನ್ನೆರಡು. ಈ ತಿಂಗಳು ಸಣ್ಣ ಗದೆ, ಮುಂದಕ್ಕೆ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಮಾಡುತ್ತಿದ್ದ ಡಿಲಾರ್ಮ್ ಎಂಬ ಅಮೆರಿಕನ್ ವೈದ್ಯರು 1945ರಲ್ಲಿ ಇದನ್ನೇ ಶಾಸ್ತ್ರವಾಗಿ ಬರೆದರು: ಹಗುರವಾದದ್ದನ್ನು ನೂರು ಸಲ ಆಡಿಸುವುದಕ್ಕಿಂತ, ಕಷ್ಟವೆನಿಸುವ ಭಾರವನ್ನು ಕೆಲವೇ ಸಲ ಎತ್ತಿ, ಭಾರವನ್ನು ಮೆಲ್ಲಮೆಲ್ಲನೆ ಏರಿಸಿದರೆ ಬಲ ಬರುತ್ತದೆ ಎಂದು.

ನಮ್ಮವರೇ ಆದ ಕೆ. ವಿ. ಅಯ್ಯರ್ ಅವರನ್ನು ಇಲ್ಲಿ ನೆನೆಯದಿರುವುದು ಕೃತಘ್ನತೆಯಾದೀತು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕರ್ತೃವೆಂದು ನಾವೆಲ್ಲ ಅವರನ್ನು ಬಲ್ಲೆವು. ಅದೇ ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದರು. ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದರು. ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸಿದರು. ಲೇಖನಿಗೂ ಲೋಹದ ಗುಂಡಿಗೂ ಜಗಳವಿಲ್ಲವೆಂಬುದನ್ನು ಬದುಕಿ ತೋರಿಸಿದ ಕನ್ನಡಿಗರು ಅವರು.

ಹಾಗಾದರೆ ತಿಳಿವಳಿಕೆಗೇನೂ ಕೊರತೆಯಿಲ್ಲ. ಇನ್ನೆಲ್ಲಿದೆ ತೊಡಕು? ತೊಡಕಿರುವುದು ಆರಂಭಶೂರತ್ವದಲ್ಲಿ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನ ನಾಲ್ಕು ಪ್ರಯತ್ನಗಳ ಇತಿಹಾಸವೂ ಅಷ್ಟೇ. ಯುಗಾದಿಗೋ ಹುಟ್ಟುಹಬ್ಬಕ್ಕೋ ಸಂಕಲ್ಪ; ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ಗಂಟೆ; ಒಂದು ವರ್ಷದ ಹಣವನ್ನು ಮುಂಗಡ ಕಟ್ಟಿ ವ್ಯಾಯಾಮಶಾಲೆ ಸೇರುವುದು. ಎರಡು ತಿಂಗಳು ಬಲು ವೈಭವ. ಅಷ್ಟರಲ್ಲಿ ಕಚೇರಿಯಲ್ಲಿ ಕೆಲಸ ಏರಿತು. ಒಂದು ದಿನ ತಪ್ಪಿತು, ಮೂರು ದಿನ ತಪ್ಪಿತು. "ಹೇಗೂ ಕೆಟ್ಟಿತು, ಮಾರ್ಚ್ ಮುಗಿಯಲಿ, ಏಪ್ರಿಲಿನಿಂದ ಸರಿಯಾಗಿ ಹಿಡಿಯೋಣ" ಎಂದುಕೊಂಡೆ. ಆ ಏಪ್ರಿಲು ಬರಲೇ ಇಲ್ಲ.

ಐದನೆಯ ಸಲ ನನಗೆ ದಾರಿ ತೋರಿಸಿದವಳು ಅವ್ವ. ಬಿದ್ದ ಮೇಲೆ ಅಂಗಮರ್ದನ ಚಿಕಿತ್ಸಕರೊಬ್ಬರು ಅವಳಿಗೆ ಒಂದೇ ಒಂದು ಪಾಠ ಹೇಳಿದ್ದರು: ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು, ಆದಷ್ಟು ಕೈಯೂರದೆ ಏಳಬೇಕು, ಮತ್ತೆ ಮೆಲ್ಲನೆ ಕೂರಬೇಕು. ಮೊದಲ ದಿನ ಎರಡು ಸಲ ಏಳಲಿಕ್ಕೆ ಅವಳಿಗೆ ಏದುಸಿರು ಬಂದಿತು. ಆದರೆ ಅವಳು ಒಂದು ಉಪಾಯ ಮಾಡಿದಳು. ದಿನವೂ ಸಂಜೆ ದೇವರ ಮುಂದೆ ದೀಪ ಹಚ್ಚುವ ಪದ್ಧತಿ ಅವಳದು. ಬತ್ತಿ ಹೊಸೆದು, ದೀಪ ಹಚ್ಚಿ, ಕೈಮುಗಿದು, ಅಲ್ಲಿಯೇ ಪಕ್ಕದಲ್ಲಿಟ್ಟ ಕುರ್ಚಿಯಲ್ಲಿ ಕುಳಿತು ಏಳತೊಡಗಿದಳು. ಜ್ವರ ಬಂದ ದಿನ ಹತ್ತರ ಬದಲು ಎರಡೇ ಸಲ; ಆದರೆ ಆ ಎರಡನ್ನು ಬಿಡಲಿಲ್ಲ. "ಮೈ ಹುಷಾರಿಲ್ಲ ಅಂತ ದೀಪ ಹಚ್ಚೂದು ಬಿಡ್ತೀವೇನು? ಎಣ್ಣಿ ಕಡಿಮಿ ಹಾಕಿ ಹಚ್ಚತೀವಿ" ಎಂದಳು.

ಮಹನೀಯರೆ, ನಾನು ನಾಲ್ಕು ಸಲ ಕಾಣದೆ ಹೋದದ್ದು ಈ ಮಾತಿನಲ್ಲಿದ್ದಿತು. ಶಿಸ್ತೆಂದರೆ ಒಳ್ಳೆಯ ದಿನಗಳಲ್ಲಿ ಹೆಚ್ಚು ಮಾಡುವುದೆಂದು ನಾನು ತಿಳಿದಿದ್ದೆ. ಅವ್ವನ ಲೆಕ್ಕದಲ್ಲಿ ಶಿಸ್ತೆಂದರೆ ಕೆಟ್ಟ ದಿನದಲ್ಲಿ ಕಡಿಮೆ ಮಾಡುವುದು, ಆದರೆ ಬಿಡದಿರುವುದು.

ಆಮೇಲೆ ಓದಿ ನೋಡಿದಾಗ ವಿದ್ವಾಂಸರ ಪ್ರಯೋಗಗಳೂ ಇದನ್ನೇ ಹೇಳುತ್ತಿದ್ದವು. ಲಂಡನ್ನಿನ ವಿಶ್ವವಿದ್ಯಾಲಯದವರು 96 ಜನರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಒಂದು ನಿಶ್ಚಿತ ಕೆಲಸಕ್ಕೆ ಹೊಸ ಅಭ್ಯಾಸವನ್ನು ಜೋಡಿಸಿಕೊಂಡರೆ ಅದು ಸಹಜವಾಗಿ ನಡೆಯಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು ಎಂದು ಲೆಕ್ಕ ಬಂದಿತು. ನಡುವೆ ಒಂದು ದಿನ ತಪ್ಪಿದರೆ ಅದರಿಂದ ಹೆಚ್ಚಿನ ಹಾನಿಯೇನೂ ಕಾಣಲಿಲ್ಲ. ಅಮೆರಿಕದ ಅಲಬಾಮದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ವಾರಕ್ಕೆ ಮೂರು ದಿನದಂತೆ 16 ವಾರ ಭಾರ ಎತ್ತಿದವರ ಪಾಠವನ್ನು ಮುಂದಿನ 32 ವಾರ ಕೆಲವರಿಗೆ ಮೂರರಲ್ಲೊಂದು ಪಾಲಿಗೆ, ಕೆಲವರಿಗೆ ಒಂಬತ್ತರಲ್ಲೊಂದು ಪಾಲಿಗೆ ಇಳಿಸಿದರು. ಗಳಿಸಿದ ಬಲ ಬಹುಮಟ್ಟಿಗೆ ಉಳಿದಿತ್ತು. ವಯಸ್ಸಾದವರಲ್ಲಿ ಮಾಂಸಖಂಡದ ಗಾತ್ರವನ್ನು ಉಳಿಸಲು ಮಾತ್ರ ಅಷ್ಟು ಸಾಲಲಿಲ್ಲ. ಅಂದಮೇಲೆ ಮಾರ್ಚ್ ತಿಂಗಳು ಬಲದ ಶತ್ರುವಲ್ಲ. ಪೂರ್ತಿ ಬಿಟ್ಟುಬಿಡುವ ನಮ್ಮ ಬುದ್ಧಿಯೇ ಶತ್ರು.

ಇನ್ನು ನನ್ನ ಪದ್ಧತಿಯನ್ನು ಹೇಳಿಬಿಡುತ್ತೇನೆ. ಇದರಲ್ಲಿ ನಾಲ್ಕು ನಿಯಮಗಳಿವೆ.

ಮೊದಲನೆಯದು, ಹೊತ್ತು. ಕಚೇರಿ ನಮ್ಮನ್ನು ಹಿಡಿಯುವ ಮೊದಲೇ ನಾವು ಸಾಧನೆಯನ್ನು ಹಿಡಿಯಬೇಕು. ಗುರುವಾರ ಮತ್ತು ಭಾನುವಾರ ಬೆಳಿಗ್ಗೆ ಆರು ಗಂಟೆ, ಹಲ್ಲುಜ್ಜಿ ಚಹ ಕುಡಿದ ಕೂಡಲೆ. ಸಂಜೆಯನ್ನು ನಂಬಿ ನಾನು ಕೆಟ್ಟೆ. ಸಂಜೆಯ ಹೊತ್ತು ಮೇಲಧಿಕಾರಿಯ ಆಸ್ತಿ. ರಾತ್ರಿಪಾಳಿಯವರು ತಮ್ಮ ನಿದ್ರೆ ಮುಗಿದ ಅನಂತರದ ಹೊತ್ತನ್ನು ಆರಿಸಿಕೊಳ್ಳಲಿ.

ಎರಡನೆಯದು, ಪಾಠ ಎರಡಿರಬೇಕು: ಒಂದು ಪೂರ್ಣಪಾಠ, ಒಂದು ಕಿರುಪಾಠ. ಪೂರ್ಣಪಾಠಕ್ಕೆ ಅರ್ಧ ಗಂಟೆ. ಬಸ್ಕಿ, ಅಥವಾ ಕುರ್ಚಿಯಿಂದ ಏಳುವುದು. ದಂಡೆ, ಅದು ನೆಲದ ಮೇಲೆ ಬಾರದಿದ್ದರೆ ಗೋಡೆಗೆ ಕೈಕೊಟ್ಟು. ಅಕ್ಕಿ ತುಂಬಿದ ಕೈಚೀಲವನ್ನು ಬೆನ್ನು ನೇರವಾಗಿಟ್ಟು ಸೊಂಟದಿಂದ ಬಾಗಿ ನೆಲದಿಂದ ಎತ್ತುವುದು. ಅದೇ ಚೀಲವನ್ನು ಬಾಗಿ ನಿಂತು ಹೊಟ್ಟೆಯ ಕಡೆಗೆ ಎಳೆಯುವುದು. ಕೊನೆಗೆ ಎರಡೂ ಕೈಯಲ್ಲಿ ನೀರಿನ ಡಬ್ಬಿ ಹಿಡಿದು ಪಡಸಾಲೆಯಲ್ಲಿ ನಡೆಯುವುದು. ಮೊದಲ ನಾಲ್ಕು ಎಂಟರಿಂದ ಹನ್ನೆರಡು ಸಲ, ಎರಡು ಆವೃತ್ತಿ. ಎರಡು ದಿನ ಒಂದೇ ಸಮನೆ ಹನ್ನೆರಡು ಸಲೀಸಾಗಿ ಬಂದರೆ ಭಾರವನ್ನು ತುಸು ಏರಿಸಬೇಕು. ನಾನು ಐದು ಕಿಲೋ ಚೀಲದಿಂದ ಆರಂಭಿಸಿದೆ. ನಲವತ್ತಕ್ಕೆ ಬರಲು ಎರಡು ವರ್ಷ ಹಿಡಿಯಿತು. ಕಿರುಪಾಠಕ್ಕೆ ಐದೇ ನಿಮಿಷ: ಹತ್ತು ಬಸ್ಕಿ, ಹತ್ತು ದಂಡೆ. ನಿದ್ರೆ ಐದು ಗಂಟೆಗಿಂತ ಕಡಿಮೆಯಾದ ದಿನ, ಪ್ರವಾಸದ ದಿನ, ಲೆಕ್ಕ ಮುಗಿಸುವ ವಾರ, ಇವುಗಳಿಗೆ ಕಿರುಪಾಠ. ಅದನ್ನು ಸೋಲೆಂದು ತಿಳಿಯತಕ್ಕದ್ದಲ್ಲ. ಅದು ಎಣ್ಣೆ ಕಡಿಮೆ ಹಾಕಿದ ದೀಪ.

ಮೂರನೆಯದು, ಖಾತೆ. ಒಂದು ಸಣ್ಣ ಪುಸ್ತಕದಲ್ಲಿ ತಾರೀಖು, ಭಾರ, ಎಷ್ಟು ಸಲ ಎಂಬುದನ್ನು ಬರೆಯಬೇಕು. ನೆನಪು ನಮ್ಮ ಪರವಾಗಿ ಸುಳ್ಳು ಹೇಳುತ್ತದೆ, ಪುಸ್ತಕ ಹೇಳುವುದಿಲ್ಲ. ಒಂದು ದಿನ ತಪ್ಪಿದರೆ 'ತಪ್ಪಿತು' ಎಂದೇ ಬರೆಯುತ್ತೇನೆ. ಒಂದರ ಮೇಲೊಂದು ಎರಡು 'ತಪ್ಪಿತು' ಬಾರದಂತೆ ನೋಡಿಕೊಳ್ಳುತ್ತೇನೆ.

ನಾಲ್ಕನೆಯದು, ಆಹಾರ ಮತ್ತು ಎಚ್ಚರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕವನ್ನು ಹೇಳಿದೆ. ಅರವತ್ತು ಕಿಲೋದವರಿಗೆ ಸುಮಾರು ಐವತ್ತು ಗ್ರಾಂ ಆಯಿತು. ಅನ್ನ ತಿಳಿಸಾರಿನ ಊಟದಲ್ಲಿ ಅದು ಸುಲಭವಾಗಿ ಬಾರದು. ಜೋಳದ ರೊಟ್ಟಿಯೊಂದಿಗೆ ಮೊಳಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು, ಇವು ನಮ್ಮ ಅಡುಗೆಮನೆಯಲ್ಲಿಯೇ ಇವೆ. ರಕ್ತದೊತ್ತಡ, ಹೃದ್ರೋಗ, ಮಧುಮೇಹ ಇರುವವರು ಮೊದಲು ವೈದ್ಯರನ್ನು ಕೇಳತಕ್ಕದ್ದು. ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಬೇಗ ತೋಳು ಉಬ್ಬಿಸಲು ಚುಚ್ಚುಮದ್ದು ಕೊಡುವವರಿದ್ದಾರೆ. ಅಂಥವರ ನೆರಳಿಗೂ ನಮ್ಮ ಹುಡುಗರು ಹೋಗಬಾರದು. ಅದು ಹೃದಯಕ್ಕೂ ಯಕೃತ್ತಿಗೂ ಕೇಡು.

ಸೋದರಿಯರಲ್ಲಿ ವಿಶೇಷವಾದ ಒಂದು ಅರಿಕೆ. "ಮನೆಗೆಲಸವೇ ನಮಗೆ ವ್ಯಾಯಾಮ" ಎಂದು ಹೇಳಿ ನೀವು ಹಿಂದೆ ಸರಿಯುತ್ತೀರಿ. ಮನೆಗೆಲಸ ದಣಿಸುತ್ತದೆ, ಆದರೆ ಅದೇ ಪಾತ್ರೆ, ಅದೇ ಬಕೀಟು, ಭಾರ ಏರುವುದಿಲ್ಲವಾದ್ದರಿಂದ ಬಲವೂ ಏರುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಭಾರ ಎತ್ತುವ ಅಭ್ಯಾಸವು ಆ ಸವೆತವನ್ನು ತಡೆಯಲು ನೆರವಾಗುತ್ತದೆ. ನನ್ನ ಮನೆಯಾಕೆ ಮೊದಮೊದಲು ನನ್ನ ಅಕ್ಕಿಚೀಲವನ್ನು ಕಂಡು ನಗುತ್ತಿದ್ದಳು. ಈಗ ಅವಳದೇ ಬೇರೆ ಚೀಲವಿದೆ. ಅದನ್ನು ನಾನು ಮುಟ್ಟುವಂತಿಲ್ಲ.

ಅವ್ವ 2022ರಲ್ಲಿ ತೀರಿಕೊಂಡಳು. ಬಿದ್ದ ಮೇಲಿನ ಆರು ವರ್ಷಗಳಲ್ಲಿ ಇನ್ನೊಮ್ಮೆ ಅವಳು ಬಿದ್ದದ್ದುಂಟು. 2019ರ ಶ್ರಾವಣ ಮಾಸ. ಆಗ ನಾನೊಬ್ಬನೇ ಮನೆಯಲ್ಲಿದ್ದೆ. ಮೊಣಕಾಲೂರಿ, ಅವಳನ್ನು ಎದೆಗೊರಗಿಸಿಕೊಂಡು ಎತ್ತಿ, ಮಂಚದವರೆಗೆ ಹೊತ್ತುಕೊಂಡು ಹೋದೆ. ಯಾರನ್ನೂ ಕರೆಯಬೇಕಾಗಲಿಲ್ಲ. "ನಿಮ್ಮಪ್ಪನಂಗ ಎತ್ತಿದಿ" ಎಂದಳು. ನನಗೆ ದೊರೆತ ಬಿರುದು ಅದೊಂದೇ. ಬೇರೊಂದು ಬೇಕಾಗಿಯೂ ಇಲ್ಲ.

ಮುಗಿಸುವ ಮುನ್ನ ಸಂಘದ ಮುಂದೆ ಒಂದು ಸೂಚನೆ ಇಡುತ್ತೇನೆ. ಈ ಊರಿಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹುಡುಗರಾಗಿ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರು. ಅವರಿಗಿಂತ ಕಷ್ಟದ ಕೆಲಸ ನಮ್ಮಲ್ಲಿ ಯಾರಿಗಿದೆ? "ಕೆಲಸ ಕಡಿಮೆಯಾದ ಮೇಲೆ ಓದೋಣ" ಎಂದು ಅವರು ಕಾದಿದ್ದರೆ ಇಂದು ಈ ಸಭೆಯಲ್ಲಿ ಅರ್ಧ ಕುರ್ಚಿಗಳು ಖಾಲಿ ಇರುತ್ತಿದ್ದವು. ಅವರಿಗೆ ಒಂದು ಗೊತ್ತಾದ ಹೊತ್ತಿದ್ದಿತು, ಒಂದು ಗೊತ್ತಾದ ಜಾಗವಿದ್ದಿತು, ಪಕ್ಕದಲ್ಲಿ ತೂಕಡಿಸುತ್ತಲೇ ಅಕ್ಷರ ತಿದ್ದುವ ಒಬ್ಬ ಗೆಳೆಯನಿದ್ದ. ಅಂಗಸಾಧನೆಗೂ ಬೇಕಾದದ್ದು ಇಷ್ಟೇ.

ನಮ್ಮ ಸಂಘದ ಈ ಸಭಾಗೃಹಕ್ಕೆ ಬೆಳಗಿನ ಹೊತ್ತಿನಲ್ಲಿ ಬೀಗ ಬಿದ್ದಿರುತ್ತದೆ. ವಾರಕ್ಕೆರಡು ಬೆಳಿಗ್ಗೆ, ಆರರಿಂದ ಏಳರವರೆಗೆ, ಅದನ್ನು ತೆರೆಯಲು ಕಾರ್ಯಕಾರಿ ಸಮಿತಿ ಅನುಮತಿ ಕೊಡಬೇಕೆಂದು ಕೋರುತ್ತೇನೆ. ಯಂತ್ರಗಳು ಬೇಡ, ಗಟ್ಟಿ ಕುರ್ಚಿಗಳು ಇಲ್ಲಿಯೇ ಇವೆ, ಅಕ್ಕಿಚೀಲವನ್ನು ಅವರವರು ತರಲಿ. ಹಿರಿಯರಿಗೆ ಕಲಿಸಲು ವರ್ಷಕ್ಕೆ ನಾಲ್ಕಾರು ಸಲ ಒಬ್ಬ ತಜ್ಞರನ್ನು ಕರೆಸಿದರೆ ಸಾಕು. ಬೀಗದ ಕೈ ತೆಗೆದುಕೊಂಡು ಬಾಗಿಲು ತೆರೆಯುವ ಹೊಣೆ ನನ್ನದು. ಜನ ಇಬ್ಬರೇ ಬಂದರೂ ತೆರೆಯುತ್ತೇನೆ. ಮಾರ್ಚ್ ತಿಂಗಳಲ್ಲಿಯೂ ತೆರೆಯುತ್ತೇನೆ.

ಇಷ್ಟು ಹೊತ್ತು, ಕುರ್ಚಿಯಲ್ಲಿ ಕುಳಿತು, ಕುರ್ಚಿಯನ್ನೇ ದೂರಿದ ನನ್ನ ಮಾತನ್ನು ಸಹನೆಯಿಂದ ಕೇಳಿದ್ದೀರಿ. ಈಗ ವಂದನಾರ್ಪಣೆಗೆ ಮೊದಲು ಎಲ್ಲರೂ ಒಮ್ಮೆ ಕೈಯೂರದೆ ಎದ್ದು ನಿಲ್ಲಬೇಕೆಂದು ಬೇಡಿಕೊಳ್ಳುತ್ತೇನೆ. ಎದ್ದವರಿಗೂ, ಏಳಲು ಯತ್ನಿಸಿದವರಿಗೂ ನನ್ನ ನಮಸ್ಕಾರ.